ಹೀಟರ್ ಮೇಲೆ 2000 ವ್ಯಾಟ್ ಅಂತಿದೆ, ಹುಳು ಮನೆ ಯಾಕೆ ಬೆಚ್ಚಗಾಗುತ್ತಿಲ್ಲ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. ಚಳಿಗಾಲಕ್ಕೆ ಅಂತ ಹುಳು ಮನೆಗೆ ಒಂದು ಕಾಯಿಲ್ ಹೀಟರ್ ತಂದೆವು. ಅದರ ಮೇಲೆ 230 ವೋಲ್ಟ್, 2000 ವ್ಯಾಟ್ ಎಂದು ಬರೆದಿದೆ. ರಾತ್ರಿಯಿಡೀ ಉರಿಸಿದರೂ ಕೋಣೆ 21 ಡಿಗ್ರಿ ದಾಟುತ್ತಿಲ್ಲ. ಮನೆಯ ಮೀಟರ್ ಬೋರ್ಡಿನಿಂದ ಹುಳು ಮನೆಗೆ 60 ಮೀಟರ್ ದೂರ. 1 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದಿದ್ದೇವೆ. ವೈರ್ ಸಾಲದೆ ಮಧ್ಯದಲ್ಲಿ ಒಂದು ಜಾಯಿಂಟ್ ಹಾಕಿ ಟೇಪ್ ಸುತ್ತಿದ್ದೇವೆ. ನನ್ನ ಮಗಳು ಎಸ್‌ಎಸ್‌ಎಲ್‌ಸಿ ಓದುತ್ತಿದ್ದಾಳೆ. ಅವಳ ಮಾವ ಎಲೆಕ್ಟ್ರಿಷಿಯನ್, ಮೀಟರ್ ಇಟ್ಟುಕೊಂಡಿದ್ದಾರೆ. ಇಬ್ಬರೂ ಸೇರಿ ಅಳೆದರು. ಹೀಟರ್ ಆನ್ ಇರುವಾಗ ಮೀಟರ್ ಬೋರ್ಡಿನಲ್ಲಿ 205 ವೋಲ್ಟ್, 7 ಆಂಪ್. ಭಾಗಿಸಿದರೆ 29.3 ಓಮ್. ಹೀಟರ್ ಮೇಲೆ ಬರೆದಿರುವುದರಿಂದ ಲೆಕ್ಕ ಹಾಕಿದರೆ 26.45 ಓಮ್. ಪ್ಲಗ್ ಕಿತ್ತು, ತಣ್ಣಗಿರುವಾಗ ಮಲ್ಟಿಮೀಟರ್ ಇಟ್ಟರೆ 25.4 ಓಮ್. ಒಂದೇ ಹೀಟರಿಗೆ ಮೂರು ಉತ್ತರ ಬಂದಿದೆ, ಯಾವುದು ಸರಿ? ಹಳೇ 100 ವ್ಯಾಟ್ ಬಲ್ಬ್ ಅಂತೂ ಮೀಟರಿನಲ್ಲಿ 38 ಓಮ್ ತೋರಿಸುತ್ತದೆ, ಲೆಕ್ಕದಲ್ಲಿ 529 ಬರುತ್ತದೆ. ಅಂಗಡಿಯವರು ನಮಗೆ ಕಡಿಮೆ ವ್ಯಾಟಿನ ಹೀಟರ್ ಕೊಟ್ಟು ಮೋಸ ಮಾಡಿದರಾ?

ಉತ್ತರ: ಅಂಗಡಿಯವರು ಮೋಸ ಮಾಡಿಲ್ಲ. ನಿಮ್ಮ ಹೀಟರ್ ಸರಿಯಾಗಿದೆ. ಮಗಳ ಮೂರು ಉತ್ತರಗಳೂ ಸರಿಯಾಗಿವೆ, ಆದರೆ ಮೂರೂ ಬೇರೆ ಬೇರೆ ವಿಷಯ ಹೇಳುತ್ತಿವೆ.

ಲೆಕ್ಕಕ್ಕೆ ಇಳಿಯುವ ಮೊದಲು ಒಂದು ಕೆಲಸ ಮಾಡಿ. ಆ ಮಧ್ಯದ ಜಾಯಿಂಟ್ ಸರಿಮಾಡುವ ತನಕ ರಾತ್ರಿ ಹೀಟರ್ ಹಾಕಿ ಮಲಗಬೇಡಿ. ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಮಗಳು ಬರೆದು ಕಳಿಸಿದ ಅಂಕಿಗಳಲ್ಲೇ ಆ ಜಾಯಿಂಟ್ ಬಿಸಿಯಾಗುತ್ತಿರುವ ಸುಳಿವು ಇದೆ. ಅದನ್ನೇ ಹಂತಹಂತವಾಗಿ ತೋರಿಸುತ್ತೇನೆ.

ಮೂಲ ಲೆಕ್ಕ ಚಿಕ್ಕದು. ವೋಲ್ಟನ್ನು ಆಂಪ್‌ನಿಂದ ಭಾಗಿಸಿದರೆ ಓಮ್, ಅಂದರೆ ರೋಧ. ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ವ್ಯಾಟ್, ಅಂದರೆ ಪವರ್. ಮಗಳ ಪುಸ್ತಕದಲ್ಲಿ ಇದಕ್ಕೆ ಸಾಮರ್ಥ್ಯ ಅಂತ ಇರುತ್ತದೆ. ರೋಧದ ನಿಯಮವನ್ನು ಜರ್ಮನಿಯ ಓಮ್ 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ತಂತಿಯಲ್ಲಿ ಕರೆಂಟ್ ಹರಿದರೆ ಎಷ್ಟು ಶಾಖ ಹುಟ್ಟುತ್ತದೆ ಎಂಬುದನ್ನು ಇಂಗ್ಲೆಂಡಿನ ಜೂಲ್ 1841ರಲ್ಲಿ ಹೇಳಿದರು. ಕರೆಂಟನ್ನು ಅದರಿಂದಲೇ ಗುಣಿಸಿ, ಆಮೇಲೆ ರೋಧದಿಂದ ಗುಣಿಸಬೇಕು. ನಿಮ್ಮ ಹುಳು ಮನೆಯ ಸಮಸ್ಯೆಗೆ ಇಷ್ಟು ಸಾಕು, ಬೇರೆ ಸೂತ್ರ ಬೇಕಿಲ್ಲ.

ಹೀಟರ್ ಮೇಲಿನ ಬರಹದಿಂದ ಶುರು ಮಾಡೋಣ. 2000 ವ್ಯಾಟನ್ನು 230ರಿಂದ ಭಾಗಿಸಿದರೆ 8.7 ಆಂಪ್. 230ನ್ನು 8.7ರಿಂದ ಭಾಗಿಸಿದರೆ ಸುಮಾರು 26.4 ಓಮ್. ಇದು ಕಾಯಿಲ್ ಕೆಂಪಗೆ ಕಾದಿರುವಾಗಿನ ರೋಧ. ತಣ್ಣಗಿರುವಾಗ ಮಲ್ಟಿಮೀಟರ್ 25.4 ತೋರಿಸಿದ್ದು ಯಾಕೆ ಅಂದರೆ, ಲೋಹ ಕಾದಷ್ಟೂ ಅದರ ರೋಧ ಏರುತ್ತದೆ. ಹೀಟರಿನ ಕಾಯಿಲ್ ಮಾಡುವುದು ನೈಕ್ರೋಮ್‌ನಿಂದ, ಅಂದರೆ ನಿಕ್ಕಲ್ ಮತ್ತು ಕ್ರೋಮಿಯಂ ಸೇರಿಸಿದ ಲೋಹದಿಂದ. ಇದು ಕೆಂಪಗಾದರೂ ರೋಧ ನೂರಕ್ಕೆ ನಾಲ್ಕೈದು ಭಾಗ ಮಾತ್ರ ಏರುತ್ತದೆ. ಹಾಗಾಗಿ 25.4 ಮತ್ತು 26.45ರ ನಡುವೆ ಜಗಳ ಇಲ್ಲ. ಎರಡೂ ಒಂದೇ ಕಾಯಿಲ್, ಒಂದು ತಣ್ಣಗಿದ್ದಾಗ, ಒಂದು ಕಾದಾಗ.

ಬಲ್ಬಿನ ಕಥೆಯೂ ಇದೇ, ಆದರೆ ಅದು ಜಾಸ್ತಿ ಜೋರು. ಬಲ್ಬಿನ ಒಳಗಿನ ಎಳೆ ಟಂಗ್‌ಸ್ಟನ್. ಉರಿಯುವಾಗ ಅದು 2500 ಡಿಗ್ರಿ ಆಸುಪಾಸಿಗೆ ಹೋಗುತ್ತದೆ, ರೋಧ ಹತ್ತು ಪಟ್ಟಿಗಿಂತಲೂ ಹೆಚ್ಚುತ್ತದೆ. ನಿಮ್ಮ ಬಲ್ಬಿನಲ್ಲಿ 38ರಿಂದ 529, ಅಂದರೆ ಹದಿನಾಲ್ಕು ಪಟ್ಟು. ಸ್ವಿಚ್ ಹಾಕಿದ ಕ್ಷಣಕ್ಕೆ ಎಳೆ ಇನ್ನೂ ತಣ್ಣಗಿರುತ್ತದೆ. 230ನ್ನು 38ರಿಂದ ಭಾಗಿಸಿ ನೋಡಿ, 6 ಆಂಪ್. ಎಳೆ ಕಾದ ಮೇಲೆ ಅರ್ಧ ಆಂಪ್ ಕೂಡ ಇಲ್ಲ. ಹಳೇ ಬಲ್ಬುಗಳು ಉರಿಯುತ್ತಿರುವಾಗ ಹೋಗದೆ, ಸ್ವಿಚ್ ಹಾಕುವ ಹೊತ್ತಿಗೇ ಪಟ್ ಅಂತ ಹೋಗುತ್ತಿದ್ದುದು ಇದಕ್ಕೇ.

ಈಗ ಮೂರನೇ ಅಂಕಿ, 29.3. ನಿಮಗೆ ಬೇಕಾದ ಉತ್ತರ ಇರುವುದು ಇದರಲ್ಲಿ.

ನಿಮ್ಮ ಮಗಳ ಮಾವ ಕರೆಂಟ್ ಅಳೆದಿದ್ದು ಮೀಟರ್ ಬೋರ್ಡಿನಲ್ಲಿ. ಕರೆಂಟ್ ಎಲ್ಲಿ ಅಳೆದರೂ ಒಂದೇ. ಬೋರ್ಡಿನಲ್ಲಿ 7 ಆಂಪ್ ಇದ್ದರೆ ಹೀಟರಿನಲ್ಲೂ 7 ಆಂಪೇ, ದಾರಿಯಲ್ಲಿ ಎಲ್ಲೂ ಸೋರುವುದಿಲ್ಲ. ವೋಲ್ಟೇಜ್ ಹಾಗಲ್ಲ. ಯಾವ ವಸ್ತುವಿನ ರೋಧ ಬೇಕೋ ಅದೇ ವಸ್ತುವಿನ ಎರಡು ತುದಿಗೆ ಮೀಟರ್ ಇಟ್ಟು ವೋಲ್ಟೇಜ್ ಅಳೆಯಬೇಕು. ಬೋರ್ಡಿನಲ್ಲಿ ಅಳೆದ 205 ವೋಲ್ಟ್ ಹೀಟರಿನದ್ದು ಮಾತ್ರ ಅಲ್ಲ, ಅದು ವೈರ್, ಜಾಯಿಂಟ್, ಸ್ವಿಚ್, ಪ್ಲಗ್, ಹೀಟರ್ ಎಲ್ಲ ಸೇರಿದ್ದು. ಹಾಗಾಗಿ ಬಂದ 29.3 ಓಮ್ ಕೂಡ ಎಲ್ಲದರ ಒಟ್ಟು ರೋಧ. ಅದರಲ್ಲಿ ಹೀಟರಿನದ್ದು 26.3 ಅಂತ ಇಟ್ಟುಕೊಳ್ಳೋಣ. ವೋಲ್ಟೇಜ್ ಕಡಿಮೆ ಇರುವುದರಿಂದ ಕಾಯಿಲ್ ಪೂರ್ತಿ ಕಾದಿರುವುದಿಲ್ಲ, ಒಂಚೂರು ಕಡಿಮೆ. ಉಳಿದ 3 ಓಮ್ ಎಲ್ಲಿದೆ? ನಿಮ್ಮ ಮೀಟರ್ ಬೋರ್ಡಿಗೂ ಹೀಟರಿಗೂ ಮಧ್ಯೆ ಇದೆ.

ಡ್ರಿಪ್ ಪೈಪ್ ಇರುವವರಿಗೆ ಇದು ಹೊಸದಲ್ಲ. ಕೊನೆಯ ವಾಲ್ವ್ ಮುಚ್ಚಿದ್ದಾಗ ಪಂಪ್ ಹತ್ತಿರ ಎಷ್ಟು ಪ್ರೆಶರ್ ಇರುತ್ತದೋ ತೋಟದ ಕೊನೆಯಲ್ಲೂ ಅಷ್ಟೇ ಇರುತ್ತದೆ. ವಾಲ್ವ್ ತೆಗೆದು ನೀರು ಹರಿಯಲು ಬಿಟ್ಟರೆ ಕೊನೆಯ ಸಾಲಿನಲ್ಲಿ ಪ್ರೆಶರ್ ಬೀಳುತ್ತದೆ. ಪೈಪ್ ಸಣ್ಣದಾದಷ್ಟೂ ಜಾಸ್ತಿ ಬೀಳುತ್ತದೆ. ವೈರಿನಲ್ಲೂ ಹಾಗೇ. ಇದರಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ. ಹೀಟರ್ ಆಫ್ ಮಾಡಿ ಹುಳು ಮನೆಯ ಸಾಕೆಟ್ಟಿಗೆ ಮೀಟರ್ ಇಟ್ಟರೆ ಬೋರ್ಡಿನಲ್ಲಿ ಇರುವಷ್ಟೇ ವೋಲ್ಟೇಜ್ ತೋರಿಸುತ್ತದೆ. "ಇಲ್ಲಿ ವೋಲ್ಟೇಜ್ ಚೆನ್ನಾಗೇ ಇದೆಯಲ್ಲ" ಅಂತ ಮೀಟರ್ ಮಡಚಿಟ್ಟು ಹೊರಡುತ್ತಾರೆ. ಕರೆಂಟೇ ಹರಿಯದಿದ್ದರೆ ವೈರಿನಲ್ಲಿ ವೋಲ್ಟೇಜ್ ಬೀಳುವುದು ಹೇಗೆ? ಹೀಟರ್ ಉರಿಯುತ್ತಿರುವಾಗಲೇ ಅಳೆಯಬೇಕು. ಐಟಿಐನಲ್ಲಿ ಪಾಠ ಮಾಡಿದಷ್ಟು ವರ್ಷವೂ ಮೊದಲ ವಾರದಲ್ಲೇ ಇದನ್ನು ಹೇಳುತ್ತಿದ್ದೆ. ಆದರೂ ಪರೀಕ್ಷೆಯಲ್ಲಿ ಅರ್ಧ ಕ್ಲಾಸ್ ಇಲ್ಲೇ ತಪ್ಪು ಮಾಡುತ್ತಿತ್ತು. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ.

ನಿಮ್ಮ ಹೀಟರಿಗೆ ನಿಜವಾಗಿ ಸಿಗುತ್ತಿರುವ ವೋಲ್ಟೇಜ್ ಎಷ್ಟು? 7 ಆಂಪ್ ಗುಣಿಸು 26.3 ಓಮ್, ಅಂದರೆ 184 ವೋಲ್ಟ್. ಬೋರ್ಡಿನಲ್ಲಿ 205 ಇತ್ತು. 21 ವೋಲ್ಟ್ ದಾರಿಯಲ್ಲೇ ಹೋಯಿತು. ಹೀಟರಿನ ಪವರ್ 184 ಗುಣಿಸು 7, ಸುಮಾರು 1290 ವ್ಯಾಟ್. ನೀವು 2000 ವ್ಯಾಟಿನ ಹೀಟರ್ ತಂದಿರಿ, ನಿಮ್ಮ ಹುಳುಗಳಿಗೆ ಸಿಗುತ್ತಿರುವುದು 1290 ವ್ಯಾಟಿನ ಶಾಖ.

ವೋಲ್ಟೇಜ್ 230ರಿಂದ 184ಕ್ಕೆ ಇಳಿದಿದ್ದು ನೂರಕ್ಕೆ ಇಪ್ಪತ್ತು ಭಾಗ. ಪವರ್ ಮಾತ್ರ ನೂರಕ್ಕೆ ಮೂವತ್ತಾರು ಭಾಗ ಇಳಿದಿದೆ. ಯಾಕೆ ಅಂದರೆ ವೋಲ್ಟೇಜ್ ಇಳಿದಾಗ ಅದರ ಜೊತೆಗೆ ಕರೆಂಟೂ ಇಳಿಯುತ್ತದೆ. ಎರಡೂ ಇಳಿದ ಮೇಲೆ ಗುಣಿಸಿದರೆ ಪೆಟ್ಟು ಎರಡು ಸಲ ಬೀಳುತ್ತದೆ. ಮಗಳಿಗೆ ಒಂದು ಸುಲಭದ ದಾರಿ ಹೇಳಿಕೊಡಿ. ಬರುವ ವೋಲ್ಟೇಜನ್ನು 230ರಿಂದ ಭಾಗಿಸಿ, ಬಂದಿದ್ದನ್ನು ಅದರಿಂದಲೇ ಗುಣಿಸಿ, ಆಮೇಲೆ ಹೀಟರ್ ಮೇಲಿನ ವ್ಯಾಟಿನಿಂದ ಗುಣಿಸಲಿ. 184 ಭಾಗಿಸು 230 ಅಂದರೆ 0.8. ಅದನ್ನು ಅದರಿಂದಲೇ ಗುಣಿಸಿದರೆ 0.64. 2000ದ 0.64 ಭಾಗ 1280. ಕ್ಯಾಲ್ಕುಲೇಟರ್ ಇಲ್ಲದೆ ಉತ್ತರ ಹತ್ತಿರ ಹತ್ತಿರ ಬಂತು ಅಲ್ವಾ. ಇದು ಹೀಟರ್, ಇಸ್ತ್ರಿ ಪೆಟ್ಟಿಗೆ, ಗೀಸರಿಗೆ ನಡೆಯುತ್ತದೆ. ಬಲ್ಬಿಗೆ ಅಷ್ಟು ಚೆನ್ನಾಗಿ ಕೂರುವುದಿಲ್ಲ, ಅದರ ರೋಧವೇ ಬದಲಾಗುತ್ತಾ ಇರುತ್ತದೆ.

ಈಗ ಆ 3 ಓಮ್ ಹಿಡಿದುಕೊಂಡು ಹೋಗೋಣ. 1 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಒಂದು ಕಿಲೋಮೀಟರಿಗೆ ಸುಮಾರು 18 ಓಮ್ ರೋಧ. ನಿಮ್ಮ ದೂರ 60 ಮೀಟರ್, ಆದರೆ ಕರೆಂಟ್ ಹೋಗುವುದಕ್ಕೆ ಒಂದು ವೈರ್, ವಾಪಸ್ ಬರುವುದಕ್ಕೆ ಇನ್ನೊಂದು. ಒಟ್ಟು 120 ಮೀಟರ್ ಲೆಕ್ಕ ಹಿಡಿಯಬೇಕು. ಬರುವುದು ಸುಮಾರು 2.2 ಓಮ್. ಮಿಕ್ಕ 0.8 ಓಮ್ ವೈರಿನದ್ದಲ್ಲ. ಅದು ಜಾಯಿಂಟಿನಲ್ಲಿ, ಸ್ವಿಚ್ಚಿನಲ್ಲಿ, ಪ್ಲಗ್ ಪಿನ್ನಿನಲ್ಲಿ ಎಲ್ಲೋ ಕೂತಿದೆ. ಕೈಯಲ್ಲಿ ಸುತ್ತಿ ಟೇಪ್ ಹಾಕಿದ ಜಾಯಿಂಟ್ ಇದ್ದಾಗ ನಾನು ಮೊದಲು ಅನುಮಾನ ಪಡುವುದು ಅದರ ಮೇಲೆ.

0.8 ಓಮ್ ಅಂದರೆ ಕೇಳಲು ಏನೂ ಅಲ್ಲ. ಜೂಲ್ ಲೆಕ್ಕ ಹಾಕಿ ನೋಡಿ. 7 ಗುಣಿಸು 7, 49. ಗುಣಿಸು 0.8, ಸುಮಾರು 39 ವ್ಯಾಟ್. ವೈರಿನ 2.2 ಓಮ್‌ಗೆ ಇದೇ ಲೆಕ್ಕದಲ್ಲಿ 108 ವ್ಯಾಟ್ ಬರುತ್ತದೆ, ಆದರೆ ಅದು 120 ಮೀಟರ್ ಉದ್ದಕ್ಕೂ ಹಂಚಿಹೋಗುತ್ತದೆ. ಒಂದು ಮೀಟರ್ ಉದ್ದಕ್ಕೆ ಒಂದು ವ್ಯಾಟ್ ಕೂಡ ಇಲ್ಲ, ಕೈಗೆ ಬಿಸಿಯೂ ತಿಳಿಯುವುದಿಲ್ಲ. ಆ 39 ವ್ಯಾಟ್ ಹಾಗಲ್ಲ, ಬೆರಳುದ್ದದ ಜಾಗದಲ್ಲಿ ಹುಟ್ಟುತ್ತಿದೆ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು ಇರುತ್ತದೆ. ಅದಕ್ಕಿಂತ ಜಾಸ್ತಿ ಶಾಖವನ್ನು ನೀವು ಪ್ಲಾಸ್ಟಿಕ್ ಟೇಪಿನಲ್ಲಿ ಸುತ್ತಿ ಇಟ್ಟಿರಬಹುದು.

ಕ್ಲಾಂಪ್ ಮೀಟರ್, ಅಂದರೆ ವೈರನ್ನು ಬಾಯಲ್ಲಿ ಹಿಡಿದು ಕರೆಂಟ್ ಅಳೆಯುವ ಮೀಟರ್, 7 ಅಂತ ತೋರಿಸಿದರೆ ನಿಜಕ್ಕೂ 7.1 ಇರಬಹುದು, ಆಗ ಜಾಯಿಂಟಿನ ಪಾಲು 0.4 ಓಮ್‌ಗೆ ಇಳಿಯುತ್ತದೆ. ಆಗಲೂ 20 ವ್ಯಾಟ್ ಆಯಿತು. ಇಷ್ಟು ಸಣ್ಣ ಜಾಗಕ್ಕೆ ಅದೂ ಕಡಿಮೆ ಅಲ್ಲ.

ಇಂಥ ಒಂದು ಜಾಯಿಂಟನ್ನು ಚಿಂತಾಮಣಿ ಕಡೆಯ ಒಂದು ಹುಳು ಮನೆಯಲ್ಲಿ ನಾನೇ ಬಿಚ್ಚಿದ್ದೇನೆ. ಮೇಲಿನ ಟೇಪ್ ಬೆಲ್ಲದ ಪಾಕದ ಹಾಗೆ ಅಂಟಾಗಿತ್ತು. ಅದನ್ನು ಸುಲಿದರೆ ಒಳಗಿನ ವೈರಿನ ಪ್ಲಾಸ್ಟಿಕ್ ಕಂದು ತಿರುಗಿ, ಉಗುರಿನಲ್ಲಿ ಒತ್ತಿದರೆ ಪುಡಿಪುಡಿಯಾಗುತ್ತಿತ್ತು. ತಾಮ್ರದ ಎಳೆಗಳು ಕಪ್ಪಾಗಿದ್ದವು. ಕೆಲವು ತುಂಡಾಗಿದ್ದವು, ಉಳಿದ ನಾಲ್ಕೈದು ಎಳೆಗಳ ಮೇಲೇ ಇಡೀ ಹೀಟರಿನ ಹೊರೆ. ಅದರ ಕೆಳಗೆ, ಒಂದು ಮೊಳವೂ ಇಲ್ಲ, ಹುಳು ತಿಂದು ಬಿಟ್ಟ ಒಣ ಕಡ್ಡಿಗಳ ರಾಶಿ. ಆ ಮನೆಯವರು ಮೂರು ವಾರದಿಂದ ಅಲ್ಲೇ ಪಕ್ಕದಲ್ಲಿ ಮಲಗುತ್ತಿದ್ದರು. ಬಿಸಿಯಾದ ತಾಮ್ರದ ಮೇಲೆ ಕಪ್ಪು ಪದರ ಕಟ್ಟುತ್ತದೆ, ಅದರಿಂದ ರೋಧ ಏರುತ್ತದೆ, ರೋಧ ಏರಿದ್ದರಿಂದ ಇನ್ನೂ ಬಿಸಿಯಾಗುತ್ತದೆ. ದಿನದಿಂದ ದಿನಕ್ಕೆ ಕೆಡುತ್ತಲೇ ಹೋಗುತ್ತದೆ, ತಾನಾಗಿ ಸರಿಹೋಗುವುದಿಲ್ಲ.

"ಎಂಸಿಬಿ ಇದೆಯಲ್ಲ, ಏನಾದರೂ ಆದರೆ ಅದು ಬೀಳುತ್ತದೆ" ಅಂತ ಅನ್ನಿಸಬಹುದು. ಬೀಳುವುದಿಲ್ಲ. 16 ಆಂಪಿನ ಎಂಸಿಬಿಗೆ 7 ಆಂಪ್ ಅಂದರೆ ಆರಾಮದ ಕೆಲಸ. ಜಾಯಿಂಟ್ ಕೆಟ್ಟಷ್ಟೂ ಒಟ್ಟು ರೋಧ ಏರಿ ಕರೆಂಟ್ ಇನ್ನೂ ಕಡಿಮೆಯೇ ಆಗುತ್ತದೆ. ಎಂಸಿಬಿ ಕರೆಂಟ್ ಜಾಸ್ತಿಯಾದರೆ ಮಾತ್ರ ಬೀಳುತ್ತದೆ. ಜಾಯಿಂಟಿನ ಬಿಸಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಕಾಣುವುದು ನೀವು ಹಾಕಿದ ಈ ಲೆಕ್ಕ, ಇಲ್ಲವೇ ನಿಮ್ಮ ಕೈ.

ಕೈಯಲ್ಲಿ ನೋಡುವುದಾದರೆ ಹೀಗೆ ಮಾಡಿ. ನೀವು ಎದುರಿಗೆ ಇರುವಾಗ ಹಗಲಲ್ಲಿ ಅರ್ಧ ಗಂಟೆ ಹೀಟರ್ ಉರಿಸಿ. ಆಮೇಲೆ ಬೋರ್ಡಿನಲ್ಲಿ ಮೇನ್ ಆಫ್ ಮಾಡಿ. ಟೆಸ್ಟರ್ ಇಟ್ಟು ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬೆರಳಿನ ಹಿಂಭಾಗವನ್ನು ಮೊದಲು ವೈರಿನ ಮೇಲೆ, ಆಮೇಲೆ ಜಾಯಿಂಟಿನ ಮೇಲೆ, ಪ್ಲಗ್ ಪಿನ್ನಿನ ಮೇಲೆ ತಾಗಿಸಿ. ಎಲ್ಲಿ ಬಿಸಿಯೋ 0.8 ಓಮ್ ಅಲ್ಲೇ ಇದೆ. ಮೀಟರಿನಲ್ಲಿ ನೋಡುವುದಾದರೆ ನಿಮ್ಮ ಎಲೆಕ್ಟ್ರಿಷಿಯನ್ ನೆಂಟರಿಗೆ ಹೇಳಿ. ಹೀಟರ್ ಆನ್ ಇರುವಾಗ, ಹುಳು ಮನೆಯಲ್ಲಿ ಹೀಟರ್ ಸಿಕ್ಕಿಸಿರುವ ಸ್ವಿಚ್ ಬೋರ್ಡಿನಲ್ಲೇ ಪಕ್ಕದ ಸಾಕೆಟ್ಟಿನಲ್ಲಿ ವೋಲ್ಟೇಜ್ ಅಳೆಯಲಿ. 184 ಆಸುಪಾಸು ಬಂದರೆ ಲೆಕ್ಕ ಸರಿ. ಕ್ಲಾಂಪ್ ಮೀಟರಿನ ಬಾಯಿಗೆ ಒಂದೇ ವೈರ್ ಹಾಕಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಹೋಗುವ ಕರೆಂಟನ್ನು ಬರುವ ಕರೆಂಟ್ ಅಳಿಸಿ ಸೊನ್ನೆ ತೋರಿಸುತ್ತದೆ.

ಮಗಳಿಗೆ ಇನ್ನೊಂದು ಎಚ್ಚರಿಕೆ. ವೋಲ್ಟೇಜನ್ನು ಅದರಿಂದಲೇ ಗುಣಿಸಿ ರೋಧದಿಂದ ಭಾಗಿಸಿದರೂ ಪವರ್ ಬರುತ್ತದೆ ಅಂತ ಅವಳ ಪುಸ್ತಕದಲ್ಲಿದೆ. ಅದನ್ನೇ ವೈರಿಗೆ ಹಾಕಿ, 205 ಗುಣಿಸು 205, ಭಾಗಿಸು 3 ಅಂದರೆ 14,000 ವ್ಯಾಟ್ ಬರುತ್ತದೆ. ಅಷ್ಟು ಶಾಖ ಹುಟ್ಟಿದ್ದರೆ ವೈರ್ ಕರಗಿ ನೆಲಕ್ಕೆ ಬಿದ್ದಿರುತ್ತಿತ್ತು. ತಪ್ಪು ಎಲ್ಲಿ? ವೈರಿನ ಪಾಲಿಗೆ ಬಂದಿರುವುದು 205 ಅಲ್ಲ, 21 ವೋಲ್ಟ್. 21 ಗುಣಿಸು 21, ಭಾಗಿಸು 3, ಅಂದರೆ 147. 7 ಗುಣಿಸು 7, ಗುಣಿಸು 3 ಅಂದರೂ 147. ಎರಡು ದಾರಿಯಲ್ಲಿ ಹೋಗಿ ಒಂದೇ ಉತ್ತರ ಬಂದರೆ ಮಾತ್ರ ನಂಬಬೇಕು. ಹೀಟರಿನ 1290ಕ್ಕೆ ಈ 147 ಸೇರಿಸಿದರೆ ಸುಮಾರು 1435. ಬೋರ್ಡಿನಲ್ಲಿ 205 ಗುಣಿಸು 7 ಅಂದರೂ 1435. ಲೆಕ್ಕ ಕೂಡಿಬಂತು.

ನಿಮ್ಮ ಮೀಟರ್ ಓಡುವುದು ಈ 1435ರ ಮೇಲೆ. ರಾತ್ರಿ ಹತ್ತು ಗಂಟೆ ಉರಿಸಿದರೆ 14 ಯೂನಿಟ್ ಚಿಲ್ಲರೆ. ಅದರಲ್ಲಿ ಒಂದೂವರೆ ಯೂನಿಟ್ ವೈರಿನಲ್ಲೇ ಸುಮ್ನೆ ಹೋಗುತ್ತಿದೆ. ಹುಳುಗಳಿಗೂ ಇಲ್ಲ, ನಿಮಗೂ ಇಲ್ಲ.

ವೈರ್ ಬದಲಾಯಿಸಿ. ಬೋರ್ಡಿನಿಂದ ಹುಳು ಮನೆಯ ತನಕ ಒಂದೇ ತುಂಡು, ಮಧ್ಯೆ ಜಾಯಿಂಟ್ ಬೇಡ. 4 ಚದರ ಮಿಲಿಮೀಟರ್ ತಾಮ್ರ, ಮೂರು ಎಳೆಯದ್ದು. ಮೂರನೆಯದು ಅರ್ತಿಂಗಿಗೆ. ಇದರ ರೋಧ 120 ಮೀಟರಿಗೆ 0.6 ಓಮ್ ಮಾತ್ರ. ಹೀಟರಿನ ಜೊತೆ ಸೇರಿಸಿದರೆ 27 ಓಮ್. 205 ಭಾಗಿಸು 27 ಅಂದರೆ 7.6 ಆಂಪ್, ಹೀಟರಿಗೆ 1520 ವ್ಯಾಟ್ ಸಿಗುತ್ತದೆ. ಈಗಿನದ್ದಕ್ಕಿಂತ 230 ವ್ಯಾಟ್ ಜಾಸ್ತಿ. 2.5 ಚದರ ಮಿಲಿಮೀಟರಿನದ್ದು ಹಾಕಿದರೆ 1490 ಆಸುಪಾಸು. ದುಡ್ಡು ಕಷ್ಟ ಅಂದರೆ ಅದೂ ಆಗುತ್ತದೆ, ಆದರೆ ಮುಂದೆ ಇನ್ನೊಂದು ಹೀಟರ್ ಸೇರಿಸುವ ಯೋಚನೆ ಇದ್ದರೆ 4ರದ್ದೇ ತನ್ನಿ. ಅಲ್ಯೂಮಿನಿಯಂ ವೈರ್ ಕಡಿಮೆಗೆ ಸಿಗುತ್ತದೆ ಅಂತ ಆಸೆ ಪಟ್ಟರೆ ಅದೇ ದಪ್ಪಕ್ಕೆ ರೋಧ ಒಂದೂವರೆ ಪಟ್ಟಿಗಿಂತ ಜಾಸ್ತಿ. ಸಾಕೆಟ್, ಪ್ಲಗ್ ಎರಡೂ 16 ಆಂಪಿನವೇ ಇರಲಿ. ಹೀಟರನ್ನು ಮೊಬೈಲ್ ಚಾರ್ಜ್ ಮಾಡುವ ಸಣ್ಣ ಎಕ್ಸ್‌ಟೆನ್ಷನ್ ಬಾಕ್ಸಿಗೆ ಯಾವತ್ತೂ ಸಿಕ್ಕಿಸಬೇಡಿ.

ವೈರ್ ಬದಲಾಯಿಸಿದರೂ 2000 ಯಾಕೆ ಬರಲಿಲ್ಲ? ಬೋರ್ಡಿಗೇ 205 ವೋಲ್ಟ್ ಬರುತ್ತಿದೆ. ವೈರಿನಲ್ಲಿ ಒಂದು ವೋಲ್ಟೂ ಹೋಗದಿದ್ದರೂ 1590 ದಾಟುವುದಿಲ್ಲ. ಉಳಿದ 400 ವ್ಯಾಟ್ ನಿಮ್ಮ ಮನೆಗೆ ಬಂದೇ ಇಲ್ಲ, ಅದಕ್ಕೆ ನೀವು ದುಡ್ಡೂ ಕಟ್ಟುತ್ತಿಲ್ಲ. ಇಲ್ಲಿ ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ಹೀಟರ್ ಆಫ್ ಇರುವಾಗ ಬೋರ್ಡಿನಲ್ಲಿ ವೋಲ್ಟೇಜ್ ನೋಡಿ. ಆಫ್ ಇದ್ದಾಗಲೂ 205 ಆಸುಪಾಸೇ ಇದ್ದರೆ ಇಡೀ ಲೈನಿನಲ್ಲೇ ವೋಲ್ಟೇಜ್ ಕಡಿಮೆ, ಟ್ರಾನ್ಸ್‌ಫಾರ್ಮರ್ ಮೇಲೆ ಹೊರೆ ಜಾಸ್ತಿ ಇರಬಹುದು. ಆಫ್ ಇದ್ದಾಗ 220 ಇದ್ದು, ಆನ್ ಮಾಡಿದ ಕೂಡಲೇ 205ಕ್ಕೆ ಬಿದ್ದರೆ, 15 ವೋಲ್ಟ್ ಭಾಗಿಸು 7 ಅಂದರೆ 2 ಓಮ್ ನಿಮ್ಮ ಮನೆಗೂ ಟ್ರಾನ್ಸ್‌ಫಾರ್ಮರಿಗೂ ಮಧ್ಯೆ ಇದೆ. ಸರ್ವಿಸ್ ವೈರಿನ ಸಂಪರ್ಕ ಸಡಿಲ ಆಗಿದ್ದಾಗ ಹೀಗೆ ಆಗುತ್ತದೆ. ಅದು ಕಂಬದ ಮೇಲಿನ ಕೆಲಸ, ನೀವು ಮುಟ್ಟಬೇಡಿ, ಲೈನ್‌ಮನ್‌ಗೆ ಹೇಳಿ. "ವೋಲ್ಟೇಜ್ ಕಮ್ಮಿ ಇದೆ" ಅಂತ ಹೇಳುವ ಬದಲು "ಏಳು ಆಂಪ್ ಎಳೆದರೆ ಹದಿನೈದು ವೋಲ್ಟ್ ಬೀಳುತ್ತದೆ" ಅಂತ ಬರೆದು ಸೆಕ್ಷನ್ ಆಫೀಸಿಗೆ ಕೊಡಿ. ಅಂಕಿ ನೋಡಿದರೆ ಎಲ್ಲಿ ಹುಡುಕಬೇಕು ಅಂತ ಅವರಿಗೂ ತಿಳಿಯುತ್ತದೆ.

ದೂರಕ್ಕೆ ಕರೆಂಟ್ ಒಯ್ಯುವ ಈ ಕಷ್ಟ ನಮ್ಮ ಹಳೇ ಕೋಲಾರ ಜಿಲ್ಲೆಗೆ ಬಹಳ ಹಿಂದಿನಿಂದಲೇ ಗೊತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟ್ ತಂದರು. ಆ ಕಾಲಕ್ಕೆ ಪ್ರಪಂಚದಲ್ಲೇ ಅಷ್ಟು ದೂರದ ಲೈನುಗಳು ಬೆರಳೆಣಿಕೆಯಷ್ಟು. ಹೇಗೆ ಸಾಧ್ಯವಾಯಿತು? 30 ಸಾವಿರ ವೋಲ್ಟ್ ಆಸುಪಾಸಿಗೆ ಏರಿಸಿ ಕಳಿಸಿದರು. ಲೆಕ್ಕ ಸುಲಭವಾಗಲಿ ಅಂತ ಹತ್ತು ಲಕ್ಷ ವ್ಯಾಟ್ ಇಟ್ಟುಕೊಳ್ಳಿ. 230 ವೋಲ್ಟಿನಲ್ಲಿ ಕಳಿಸಿದರೆ 4348 ಆಂಪ್ ಬೇಕು, 30 ಸಾವಿರ ವೋಲ್ಟಿನಲ್ಲಾದರೆ 33 ಆಂಪ್ ಸಾಕು. ಕರೆಂಟ್ 130 ಪಟ್ಟು ಕಡಿಮೆ. ವೈರಿನಲ್ಲಿ ಹೋಗುವ ಶಾಖ ಕರೆಂಟಿನ ವರ್ಗದ ಲೆಕ್ಕ ಆದ್ದರಿಂದ, ಅದೇ ವೈರಿಗೆ ನಷ್ಟ ಸುಮಾರು 17 ಸಾವಿರ ಪಟ್ಟು ಕಡಿಮೆ. ನಿಮ್ಮ ಮಗಳು ಜಾಯಿಂಟಿಗೆ ಹಾಕುವ ಲೆಕ್ಕವೇ ಅಲ್ಲೂ ಇದ್ದಿದ್ದು. ಈ ಮಾತು ನೆನೆದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಿಮ್ಮಲ್ಲಿ ಸೊಪ್ಪು ಕತ್ತರಿಸುವ ಯಂತ್ರವೋ, ನೀರಿನ ಮೋಟಾರೋ ಇದ್ದೇ ಇರುತ್ತದೆ. ಅದಕ್ಕೆ ಹೀಟರಿನ ಲೆಕ್ಕ ಹಾಕಬೇಡಿ. 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನ ವೈಂಡಿಂಗಿಗೆ ಮೀಟರ್ ಇಟ್ಟರೆ 5 ಓಮ್ ತೋರಿಸಬಹುದು. ಭಾಗಿಸಿದರೆ 46 ಆಂಪ್ ಬರುತ್ತದೆ. ಓಡುವಾಗ ಎಳೆಯುವುದು 6 ಆಂಪ್ ಇರಬಹುದು. ಮೋಟಾರ್ ತಿರುಗುವಾಗ ಅದರೊಳಗೇ ಎದುರು ವೋಲ್ಟೇಜ್ ಹುಟ್ಟಿ ಕರೆಂಟನ್ನು ತಡೆಯುತ್ತದೆ. ಪವರ್ ಕೂಡ ಸುಮ್ನೆ 230 ಗುಣಿಸು 6 ಅಲ್ಲ. ಅದನ್ನು ಪವರ್ ಫ್ಯಾಕ್ಟರ್ ಅನ್ನುವ, ಒಂದಕ್ಕಿಂತ ಕಡಿಮೆ ಇರುವ ಅಂಕಿಯಿಂದ ಗುಣಿಸಬೇಕು. ಅದು 0.75 ಇದ್ದರೆ 1035 ವ್ಯಾಟ್. ನೆನಪಿಡಬೇಕಾದ ಮುಖ್ಯ ವ್ಯತ್ಯಾಸ ಇಷ್ಟು. ವೋಲ್ಟೇಜ್ ಬಿದ್ದರೆ ಹೀಟರ್ ಕಡಿಮೆ ಕರೆಂಟ್ ಎಳೆಯುತ್ತದೆ, ಸುಮ್ಮನೆ ತಣ್ಣಗಾಗುತ್ತದೆ. ಹೊರೆ ಹೊತ್ತ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ. ಕರೆಂಟ್ ನೂರಕ್ಕೆ ಇಪ್ಪತ್ತು ಏರಿದರೆ ವೈಂಡಿಂಗಿನ ಶಾಖ ನೂರಕ್ಕೆ ನಲವತ್ತನಾಲ್ಕು ಏರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಮೋಟಾರುಗಳು ಸಾಲಾಗಿ ಸುಡುವುದಕ್ಕೆ ಇದು ಒಂದು ದೊಡ್ಡ ಕಾರಣ.

ಹೀಟರಿಗೆ ಸ್ಟೆಬಿಲೈಸರ್ ಹಾಕಲಾ ಅಂತ ಕೆಲವರು ಕೇಳುತ್ತಾರೆ. ವೈರ್ ಸರಿಮಾಡುವ ಮೊದಲು ಬೇಡವೇ ಬೇಡ. ಹುಳು ಮನೆಯಲ್ಲಿ ಸ್ಟೆಬಿಲೈಸರ್ ಇಟ್ಟು ಹೀಟರಿಗೆ 230 ಕೊಟ್ಟರೆ, ಅದು ತನ್ನ ಹಿಂದಿನ ವೈರಿನಿಂದ 11 ಆಂಪಿಗಿಂತ ಜಾಸ್ತಿ ಎಳೆಯುತ್ತದೆ. ಅದೇ ಜಾಯಿಂಟಿನಲ್ಲಿ 39 ವ್ಯಾಟ್ ಇದ್ದಿದ್ದು ನೂರು ಮುಟ್ಟುತ್ತದೆ.

ಕೊನೆಗೆ ನಿಮ್ಮ ಮೈಯ ಲೆಕ್ಕ. ಹುಳು ಮನೆ ಅಂದರೆ ತೇವ. ನೆಲಕ್ಕೆ ನೀರು ಹಾಕಿರುತ್ತೀರಿ, ಔಷಧ ಸಿಂಪಡಿಸಿರುತ್ತೀರಿ, ಸೊಪ್ಪು ಒದ್ದೆ, ಕೈ ಒದ್ದೆ. ಒದ್ದೆ ಮೈಯ ರೋಧ 1000 ಓಮ್ ಆಸುಪಾಸಿಗೆ ಇಳಿಯುತ್ತದೆ. 230 ಭಾಗಿಸು 1000 ಅಂದರೆ 0.23 ಆಂಪ್, 230 ಮಿಲಿಆಂಪ್. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪ್ ಸೋರಿದರೆ ಬೀಳುವ ಹಾಗೆ ಮಾಡಿರುತ್ತಾರೆ, ಅದಕ್ಕಿಂತ ಜಾಸ್ತಿ ಹರಿದರೆ ಹೃದಯ ತಪ್ಪಿ ಬಡಿಯುವ ಅಪಾಯ ಇರುತ್ತದೆ. ಇದು ಅದರ ಏಳೆಂಟು ಪಟ್ಟು. ಹಾಗಾಗಿ ಹೊಸ ವೈರ್ ಎಳೆಯುವ ದಿನವೇ ಹುಳು ಮನೆಯ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ, ಹೀಟರಿನ ಲೋಹದ ಮೈಗೆ ಅರ್ತಿಂಗ್ ಸಿಗುವಂತೆ ನೋಡಿಕೊಳ್ಳಿ. ಈ ಎರಡನ್ನು ಬಿಟ್ಟು ದುಡ್ಡು ಉಳಿಸಬೇಡಿ.

ಹೊಸ ವೈರ್ ಎಳೆದ ಮೇಲೆ ಮಗಳು ಮತ್ತೆ ಅಳೆಯಲಿ. ಬೋರ್ಡಿನಲ್ಲಿ ವೋಲ್ಟ್, ಸಾಕೆಟ್ಟಿನಲ್ಲಿ ವೋಲ್ಟ್, ಕರೆಂಟ್. ಮೂರೂ ಹೀಟರ್ ಉರಿಯುತ್ತಿರುವಾಗ. ಬೋರ್ಡಿಗೂ ಸಾಕೆಟ್ಟಿಗೂ 4ರ ವೈರಿನಲ್ಲಿ ನಾಲ್ಕೈದು ವೋಲ್ಟಿಗಿಂತ, 2.5ರದ್ದಾದರೆ ಏಳು ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಎಲ್ಲೋ ಒಂದು ಸ್ಕ್ರೂ ಸಡಿಲ ಇದೆ ಅಂತ ಅರ್ಥ. ಅಷ್ಟರ ತನಕ ರಾತ್ರಿ 1000 ವ್ಯಾಟಿನ ಒಂದು ಕಾಯಿಲ್ ಮಾತ್ರ ಹಾಕಬಹುದಾ ಅಂತ ನೀವು ಕೇಳಬಹುದು. ಹೀಟರಿನಲ್ಲಿ ಅಂಥ ಸ್ವಿಚ್ ಇದ್ದರೂ, ಜಾಯಿಂಟ್ ಬಿಚ್ಚಿ, ಕಪ್ಪಾದ ತುದಿ ಕತ್ತರಿಸಿ, ಸ್ಕ್ರೂ ಇರುವ ಒಳ್ಳೆ ಕನೆಕ್ಟರಿನಲ್ಲಿ ಬಿಗಿದ ಮೇಲೆ ಮಾತ್ರ ಹಾಕಿ. ನಿಮ್ಮ ಜಾಯಿಂಟಿನ ಕೆಳಗೂ ಒಣ ಕಡ್ಡಿಗಳಿದ್ದರೆ ಇವತ್ತೇ ಹೊರಗೆ ಹಾಕಿ.